ಕಣ್ಣು ಛಲೋ ಕಾಣ್ತದಲ್ಲ, ಮತ್ತ ಪಟ್ಟಿ ಯಾಕ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದರೆ ಸಾಕು, ಪರಿಚಯದವರು ಯಾರಾದರೂ ನಿಲ್ಲಿಸಿ ಕೇಳುತ್ತಾರೆ. "ಕಾಕಾ, ಕಣ್ಣು ಛಲೋ ಕಾಣ್ತದ ಅಂತೀರಿ. ಮತ್ತ ಕನ್ನಡಕದ ಒಂದು ಗ್ಲಾಸಿಗೆ ಪಟ್ಟಿ ಯಾಕ ಹಚ್ಚೀರಿ? ಆಪರೇಷನ್ ಮಾಡಿಸಬಾರದಾ?" ಪ್ರೀತಿಯಿಂದಲೇ ಕೇಳುತ್ತಾರೆ. ರಸ್ತೆಯಲ್ಲಿ ನಿಂತು ಪೂರ್ತಿ ಹೇಳಲಿಕ್ಕೆ ಆಗುವುದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಎರಡೂ ಕಣ್ಣು ಸರಿಯಾಗಿವೆ. ಲಕ್ವಾದ ಪೆಟ್ಟು ಬಿದ್ದಿದ್ದು ಮೆದುಳಿನ ಕಾಂಡಕ್ಕೆ, ಅಂದರೆ ಮೆದುಳು ಬೆನ್ನುಹುರಿಗೆ ಕೂಡುವ ಬುಡದ ಭಾಗಕ್ಕೆ.

ನಾನು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಅವತ್ತು ಹಮಾಲರು ನನ್ನ ಎಡಗಡೆ ತೊಗರಿ ಚೀಲ ಒಟ್ಟುತ್ತಿದ್ದರು. ಅತ್ತ ನೋಡಿದೆ, ಒಬ್ಬ ಹಮಾಲ ಇಬ್ಬರಾಗಿ ಕಂಡ. ಯಾವ ಕಣ್ಣು ಮುಚ್ಚಿದರೂ ಒಬ್ಬನೇ. ಎರಡೂ ತೆರೆದರೆ ಮತ್ತೆ ಇಬ್ಬರು. ಕೈಕಾಲು ಆಡುತ್ತಿತ್ತು, ಮಾತೂ ಸರಿ ಇತ್ತು. ಲಕ್ವಾ ಅಂತ ಹೊಳೆಯಲೇ ಇಲ್ಲ. ಕನ್ನಡಕದ ನಂಬರ್ ನೋಡಿಸಿ, ಡ್ರಾಪ್ಸ್ ಹಾಕಿಕೊಂಡು ಎರಡು ದಿನ ಕಳೆದೆ. ಆ ಎರಡು ದಿನ ನನ್ನನ್ನು ಇನ್ನೂ ಕೊರೆಯುತ್ತವೆ.

ಮೂರನೇ ದಿನ ನರರೋಗದ ಡಾಕ್ಟರು ಬೆರಳು ತೋರಿಸಿ ಎಡಕ್ಕೆ ನೋಡಲು ಹೇಳಿದರು. ಎಡಗಣ್ಣು ಹೊರಕ್ಕೆ ಹೋಗಿ ಜಿಗಿಜಿಗಿ ಅಂತಿತ್ತಂತೆ, ಬಲಗಣ್ಣು ನಡುವೆಯೇ ನಿಂತಿತ್ತಂತೆ. ಆಮೇಲೆ ಬೆರಳನ್ನು ಮೂಗಿನ ಹತ್ತಿರ ತಂದರು. ಆಗ ಅದೇ ಬಲಗಣ್ಣು ಒಳಕ್ಕೆ ಬಂತು! ಅಂದರೆ ಕಣ್ಣಿನ ಸ್ನಾಯು ಚೆನ್ನಾಗಿದೆ, ಅದಕ್ಕೆ ಸುದ್ದಿ ಮುಟ್ಟುತ್ತಿಲ್ಲ ಅಷ್ಟೆ. ಎಂಆರ್‌ಐ ಮಾಡಿದಾಗ ಕಾಂಡದಲ್ಲಿ ಸಣ್ಣ ಚುಕ್ಕೆ ಕಂಡಿತು.

ಕಣ್ಣುಗಳು ಜೋಡೆತ್ತಿನ ಹಾಗೆ. ಎಡಕ್ಕೆ ಹೊರಳು ಅಂದರೆ ಎರಡೂ ಒಟ್ಟಿಗೆ ಹೊರಳಬೇಕು. ಒಂದೊಂದು ಕಣ್ಣಿಗೆ 6 ಸ್ನಾಯು, ಅವನ್ನು ಆಡಿಸುವ ನರಗಳು 3. ಈ ನರಗಳ ಮೂಲ ಇರುವುದು ಮೆದುಳಿನ ಕಾಂಡದಲ್ಲೇ. ಎಡಗಣ್ಣನ್ನು ಹೊರಕ್ಕೆ ಎಳೆಯುವ ಕೇಂದ್ರ, ಬಲಗಣ್ಣನ್ನು ಒಳಕ್ಕೆ ಎಳೆಯುವ ಕೇಂದ್ರಕ್ಕೆ ಒಂದು ತೆಳು ಎಳೆಯ ಮೂಲಕ ಸುದ್ದಿ ಕಳಿಸುತ್ತದೆ. ನನಗೆ ಕಡಿದಿದ್ದು ಆ ಎಳೆ. ಬಿಪಿ, ಶುಗರ್ ಇದ್ದವರಿಗೆ ಅಲ್ಲಿನ ಸಣ್ಣ ರಕ್ತನಾಳ ಕಟ್ಟಿಕೊಳ್ಳುವ ಸಾಧ್ಯತೆ ಹೆಚ್ಚು. ನನಗೆ ಎರಡೂ ಇದ್ದವು, ಗುಳಿಗೆ ಮಾತ್ರ ನೆನಪಾದಾಗ ನುಂಗುತ್ತಿದ್ದೆ.

ಆಪರೇಷನ್ ಯಾಕಿಲ್ಲ? ಎಷ್ಟೋ ಜನರಿಗೆ ಇದು ವಾರಗಳಲ್ಲಿ, ತಿಂಗಳುಗಳಲ್ಲಿ ತಾನಾಗಿಯೇ ಸುಧಾರಿಸುತ್ತದೆ. ಸಾಮಾನ್ಯವಾಗಿ 6 ತಿಂಗಳಾದರೂ ಕಾದು, ಕಣ್ಣು ಒಂದು ಸ್ಥಿತಿಗೆ ನಿಂತ ಮೇಲೆಯೇ ಆ ಮಾತು. ಅಲ್ಲಿಯವರೆಗೆ ಒಂದು ಕಣ್ಣು ಮುಚ್ಚಿ ಎರಡು ಕಾಣದ ಹಾಗೆ ಮಾಡುವ ಪಟ್ಟಿ, ಇಲ್ಲವೇ ಬೆಳಕನ್ನು ಬಾಗಿಸಿ ಎರಡು ಚಿತ್ರಗಳನ್ನು ಒಂದಾಗಿಸುವ ಪ್ರಿಸಂ ಗ್ಲಾಸು. ಪಟ್ಟಿಯಿಂದ ದೊಡ್ಡವರ ಕಣ್ಣು ಮಂದವಾಗುವುದಿಲ್ಲ. ಆದರೆ ಆಳ ಗೊತ್ತಾಗುವುದು ಕಡಿಮೆ, ಮೆಟ್ಟಿಲಿಳಿಯುವಾಗ ಕೈ ಹಿಡಿಯಬೇಕು.

ಕೇಳಿದವರಿಗೆಲ್ಲ ನಾನು ತಪ್ಪದೆ ಹೇಳುವ ಮಾತು ಒಂದಿದೆ. ದಿಢೀರಂತ ಒಂದು ಎರಡಾಗಿ ಕಂಡರೆ, ಒಂದು ಕಣ್ಣು ಮುಚ್ಚಿದಾಗ ಅದು ಹೋದರೆ, ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ. ಬಾಯಿ ಸೊಟ್ಟಗಾಗಲಿ ಅಂತ ಕಾಯಬೇಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಬೇಕಾದರೆ ಅದಕ್ಕೆ ಸಾಮಾನ್ಯವಾಗಿ ಸಮಯ, ತೊಂದರೆ ಶುರುವಾದಾಗಿನಿಂದ 4.5 ಗಂಟೆ ಮಾತ್ರ. ಶುರುವಿನಲ್ಲಿ ಸಿಟಿ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ "ಏನಿಲ್ಲ" ಅಂತ ಮನೆಗೆ ಬರಬೇಡಿ. ಕಾಂಡದ ಸಣ್ಣ ಪೆಟ್ಟು ಅದರಲ್ಲಿ ಎಷ್ಟೋ ಸಲ ಸಿಗುವುದಿಲ್ಲ.

ನನಗೀಗ ನಾಲ್ಕನೇ ತಿಂಗಳು. ಎದುರಿಗೆ ನೋಡಿದರೆ ಒಂದೇ ಕಾಣುತ್ತದೆ, ಮಿಲ್ಲಿನಲ್ಲಿ ಪಟ್ಟಿ ತೆಗೆದಿಡುತ್ತೇನೆ. ಬಜಾರಿನಲ್ಲಿ ಅತ್ತಿತ್ತ ನೋಡಲೇಬೇಕಲ್ವಾ, ಅಲ್ಲಿ ಹಚ್ಚುತ್ತೇನೆ. ಸ್ಕೂಟರಿನ ಕೀಲಿ ಸದ್ಯ ಮಗನ ಹತ್ತಿರ ಇದೆ.