ಮೀನಿಗೆ ನಿಂಬೆರಸ ಯಾವಾಗ ಹಿಂಡಬೇಕು?

ನಿಂಬೆ, ಸೊಪ್ಪು ಹಾಕಿ ಮೀನು ಮಾಡುವ ಮಾತು ಬಂದಾಗೆಲ್ಲ ಇದೇ ಪ್ರಶ್ನೆ: ‘ಮೀನು ಒಣಗಿ ಪುಡಿಪುಡಿಯಾಯ್ತು, ಸೊಪ್ಪು ಕಂದಾಯ್ತು, ಎಲ್ಲಿ ತಪ್ಪಿದ್ದು?’

ಬಹುತೇಕ ತಪ್ಪಿದ್ದು ನಿಂಬೆ ಹಿಂಡಿದ ಹೊತ್ತು. ಇಡೀ ಹಣ್ಣಿನ ರಸ ಸುರಿದು ಮೀನನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟಿರುತ್ತಾರೆ. ಹುಳಿಗೆ ಬೆಂಕಿಯ ಹಂಗಿಲ್ಲ. ತಾಗಿದಲ್ಲೆಲ್ಲ ಮೀನಿನ ಪ್ರೊಟೀನ್ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಪೆರು ದೇಶದ ಸೆವಿಚೆ ಎಂಬ ಹಸಿ ಮೀನಿನ ತಿನಿಸು ನಿಂತಿರುವುದೇ ಇದರ ಮೇಲೆ. ಅಂಥ ಮೀನನ್ನು ಮತ್ತೆ ಕಾವಲಿಗೆ ಹಾಕಿದರೆ ಇದ್ದಬದ್ದ ನೀರನ್ನೂ ಬಿಟ್ಟುಕೊಡುತ್ತದೆ. ಹಾಗಂತ ಮೊದಲು ನಿಂಬೆ ಮುಟ್ಟಿಸಲೇಬಾರದು ಎಂದಲ್ಲ. ಕವುಚು ವಾಸನೆ ತರುವ ಅಮೀನ್ ಎಂಬ ರಾಸಾಯನಿಕಗಳನ್ನು ಹುಳಿ ಹಿಡಿದಿಡುತ್ತದೆ, ಅವು ಮೂಗಿಗೆ ಏರುವುದಿಲ್ಲ. ಅದಕ್ಕೆ ಒಂದು ಟೀ ಚಮಚ ರಸ, ಹತ್ತು ನಿಮಿಷ ಧಾರಾಳ.

ಇಬ್ಬರ ಊಟಕ್ಕೆ ಅರ್ಧ ಕಿಲೋ ಅಂಜಲ್ (ಸುರ್ಮಾಯಿ) ಮೀನು ಸಾಕು. ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ ಕೊಡಲು ಹೇಳಿ. ತೆಳ್ಳಗಾದರೆ ಹೊರಗೆ ಕೆಂಪಾಗುವಷ್ಟರಲ್ಲಿ ಒಳಗೆ ಒಣಗಿರುತ್ತದೆ. ಮುಕ್ಕಾಲು ಟೀ ಚಮಚ ಉಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ, ಚಿಟಿಕೆ ಅರಿಶಿನ, ಆ ಒಂದು ಚಮಚ ರಸ ಸವರಿ ಹತ್ತು ನಿಮಿಷ ಬಿಡಿ. ಸ್ಟೀಲ್ ಇಲ್ಲವೇ ಪಿಂಗಾಣಿ ತಟ್ಟೆಯಾಗಲಿ, ಅಲ್ಯೂಮಿನಿಯಂ ಹುಳಿಗೆ ಆಗಿಬರುವುದಿಲ್ಲ. ಆಮೇಲೆ ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ. ಈ ಕೆಲಸವನ್ನು ಎಲ್ಲರೂ ಬಿಡುತ್ತಾರೆ. ತೇವ ಉಳಿದರೆ ಕಾವಲಿಯ ಬಿಸಿಯೆಲ್ಲ ನೀರು ಆರಿಸುವುದಕ್ಕೇ ಖರ್ಚಾಗಿ, ಮೀನು ಹುರಿಯುವ ಬದಲು ಬೇಯುತ್ತದೆ, ತಳ ಹಿಡಿಯುತ್ತದೆ.

ಕಾವಲಿ ಚೆನ್ನಾಗಿ ಕಾದ ಮೇಲೆ ಎರಡು ದೊಡ್ಡ ಚಮಚ ಎಣ್ಣೆ, ನಂತರ ಮೀನು. ಮೂರು ನಿಮಿಷ ಕೈ ಹಚ್ಚಬೇಡಿ. ತಳ ಕೆಂಪಾದರೆ ತಾನಾಗಿ ಬಿಡುತ್ತದೆ, ಎಳೆದರೆ ಚರ್ಮ ಅಲ್ಲೇ ಉಳಿಯುತ್ತದೆ. ಮಗುಚಿ ಇನ್ನೆರಡು ನಿಮಿಷ. ನಡುಮುಳ್ಳಿನ ಹತ್ತಿರ ಚಾಕುವಿನ ತುದಿ ಇಟ್ಟು ನೋಡಿ: ಮಾಂಸ ಬೆಳ್ಳಗಾಗಿ ಪದರ ಬಿಟ್ಟರೆ ಬೆಂದಿದೆ. ಉರಿ ತಗ್ಗಿಸಿ ಒಂದು ಚಮಚ ಬೆಣ್ಣೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಅರ್ಧ ನಿಮಿಷ ಬಾಡಿಸಿ, ಒಲೆ ಆರಿಸಿ.

ನಿಜವಾದ ನಿಂಬೆಯ ಸರದಿ ಈಗ. ಒಂದೂವರೆ ದೊಡ್ಡ ಚಮಚ ರಸ, ಹಿಡಿ ಸೊಪ್ಪು, ಅರ್ಧ ಹಣ್ಣಿನ ಸಿಪ್ಪೆಯ ತುರಿ. ಪರಿಮಳದ ಎಣ್ಣೆ ಇರುವುದು ಸಿಪ್ಪೆಯ ಮೇಲ್ಪದರದಲ್ಲಿ, ಒಳಗಿನ ಬಿಳಿ ಭಾಗ ಕಹಿ. ಊರ ನಿಂಬೆಯ ತೆಳು ಸಿಪ್ಪೆ ತುರಿಯುವುದು ರಗಳೆ, ಗಜನಿಂಬೆ ಸಿಕ್ಕರೆ ಒಳ್ಳೆಯದು. ಸೊಪ್ಪನ್ನು ರಸದಲ್ಲಿ ಮೊದಲೇ ನೆನೆಸಿಡಬೇಡಿ. ಹುಳಿಗೆ ಹಸಿರು ಕೆಟ್ಟು ಕಂದಾಗುತ್ತದೆ.

ಸೊಪ್ಪು ಯಾವುದು? ಕೊತ್ತಂಬರಿ ನಡೆಯುತ್ತದೆ, ಆದರೆ ನಮ್ಮ ಓಟು ಸಬ್ಬಸಿಗೆಗೆ. ಅಕ್ಕಿ ರೊಟ್ಟಿಗೆ ಮೀಸಲಾಗಿರುವ ಇದನ್ನು ಸ್ವೀಡನ್ ಕಡೆ ಮೀನಿಗೆ ಬಿಡದೆ ಹಾಕುತ್ತಾರೆ. ಪುದೀನ ಹಾಕುವುದಾದರೆ ಆರೇಳು ಎಲೆ, ಹೆಚ್ಚಾದರೆ ಚಟ್ನಿಯ ರುಚಿ.

ಜೂನ್, ಜುಲೈನಲ್ಲಿ ಕರಾವಳಿಯ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಸಿಗುವುದು ಹೆಚ್ಚಾಗಿ ಐಸಿನ ಮೀನು. ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿ, ಬಿಸಿನೀರಿಗೆ ಹಾಕಬೇಡಿ. ಒರೆಸುವುದು ಎರಡು ಸಲ. ಬಂಗುಡೆಯಾದರೆ ಎರಡೂ ಬದಿ ಮೂರು ಗೀರು ಹಾಕಿ, ಬೆಣ್ಣೆ ಬಿಡಿ, ಅದರ ಕೊಬ್ಬೇ ಸಾಕು. ನಿಂಬೆ ಮಾತ್ರ ಅರ್ಧ ಚಮಚ ಜಾಸ್ತಿ.