ಹಳೇ ಪ್ರಾಜೆಕ್ಟ್‌ಗಳ ಫೋಟೋ

ನಮ್ಮ ತುಮಕೂರಲ್ಲಿ ಕಾಂಪ್ಲೆಕ್ಸ್ ಕಟ್ಟುವ ಬಿಲ್ಡರ್ ಒಬ್ಬರ ಬ್ರೋಷರ್ ನೋಡುತ್ತಿದ್ದೆ. ಪುಟಗಟ್ಟಲೆ ಅವರು ಬೆಳೆದು ಬಂದ ದಾರಿ, ಹಳೇ ಪ್ರಾಜೆಕ್ಟ್‌ಗಳ ಫೋಟೋ. ಎಲ್ಲದಕ್ಕೂ ಅದೇ ನೀಲಿ ಗಾಜು! ಬೀಗ ಬಿದ್ದ ಶೆಟರ್ ಒಂದೂ ಕಾಣಲಿಲ್ಲ. ಬಿ.ಎಚ್. ರಸ್ತೆಯಲ್ಲಿ ತಲೆ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಕೆಳಗಿನ ಮಳಿಗೆಗಳು ಹೇಗೋ ಬಾಡಿಗೆಗೆ ಹೋಗುತ್ತವೆ, ಗಿರಾಕಿಗಳನ್ನು ಮೆಟ್ಟಿಲು ಹತ್ತಿಸುವುದೇ ಕಷ್ಟ. ಮೇಲೆ ಬ್ಯಾಂಕೋ ಕೋಚಿಂಗ್ ಸೆಂಟರೋ ಬಂದರೆ ಬಿಲ್ಡರ್ ಗೆದ್ದ. ಇಲ್ಲದಿದ್ದರೆ ‘ಬಾಡಿಗೆಗೆ ಇದೆ’ ಬೋರ್ಡ್ ಬಿಸಿಲಿಗೆ ಬಿಳಚಿಕೊಳ್ಳುತ್ತದೆ.

ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯಿಂದ ಒಂದು ಅನುಕೂಲ ಆಗಿದೆ. ಹಿಂದಿನ 5 ವರ್ಷಗಳಲ್ಲಿ ಶುರು ಮಾಡಿದ ಪ್ರಾಜೆಕ್ಟ್‌ಗಳು ಎಲ್ಲಿಗೆ ಬಂದಿವೆ, ತಡವಾಗಿವೆಯಾ, ಕೇಸು ಇದೆಯಾ ಅಂತ ನೋಂದಣಿ ವೇಳೆ ಬಿಲ್ಡರ್ ಹೇಳಲೇಬೇಕು. ಮಾರಾಟಕ್ಕಿಟ್ಟ ದೊಡ್ಡ ವಾಣಿಜ್ಯ ಕಟ್ಟಡಕ್ಕೂ ಇದು ಅನ್ವಯ. ಮಳಿಗೆ ಕೊಳ್ಳುವವರು ಟೋಕನ್ ಕೊಡುವ ಮುಂಚೆ ಸುಮ್ನೆ ಒಮ್ಮೆ ಕರ್ನಾಟಕ ರೇರಾ ವೆಬ್‌ಸೈಟ್ ತೆಗೆದು ನೋಡಬಹುದು, ಅಲ್ವಾ?