ಸವಣೂರಿನ ಬಳ್ಳಿ, ಪಾಷಾಣದ ಚಳಿ

ಪುಣೆಯ ಪಾಷಾಣದಲ್ಲಿ ಜನವರಿಯ ರಾತ್ರಿ ಕೆಲವೊಮ್ಮೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಹೆಸರಿಗೆ ತಕ್ಕಂತೆ ಕಲ್ಲಿನಷ್ಟು ತಣ್ಣಗೆ. ಸವಣೂರಿನಿಂದ ತಂದ ವೀಳ್ಯದ ಬಳ್ಳಿಗೆ ಇದು ಆಗಿಬರುವುದಿಲ್ಲ. ತಾರಸಿಯಲ್ಲಿ ಪೈಪು, ಪ್ಲಾಸ್ಟಿಕ್ ಹಾಳೆಯ ಪುಟ್ಟ ಹಸಿರುಮನೆ ಕಟ್ಟಿದೆ. ಮೊದಲ ವರ್ಷ ಒಳಗೆ ಬಲ್ಬ್ ಉರಿಸಿ ಎರಡು ಎಲೆ ಸುಟ್ಟೆ. ಈಗ ಐದು ಲೀಟರಿನ ಎಣ್ಣೆ ಡಬ್ಬಿಗಳಿಗೆ ಕಪ್ಪು ಬಣ್ಣ ಬಳಿದು, ನೀರು ತುಂಬಿ ಇಟ್ಟಿದ್ದೇನೆ. ಹಗಲಿಡೀ ಬಿಸಿಲು ಕುಡಿದ ನೀರು ರಾತ್ರಿ ನಿಧಾನವಾಗಿ ಶಾಖ ಬಿಡುತ್ತದೆ. ಹೊತ್ತು ಮುಳುಗುವ ಮೊದಲೇ ಹಾಳೆ ಇಳಿಸಬೇಕು. ಆಮೇಲೆ ಮುಚ್ಚಿದರೆ ಚಳಿಯನ್ನೇ ಕೂಡಿಹಾಕಿದಂತೆ. ಮೇಲೆ ಅವ್ವನ ಹಳೆಯ ಕೌದಿ. “ಬಳ್ಳಿಗೆ ಕೌದಿ, ನನಗೆ ಚಾದರವೇ?” ಎಂದು ಅವಳ ಗೊಣಗಾಟ. ಬೆಳಿಗ್ಗೆ ಹಾಳೆ ಸರಿಸಿದರೆ ಒಳಗಿನ ಹನಿಗಳು ನನ್ನ ಕುತ್ತಿಗೆಗೇ ಬೀಳುತ್ತವೆ. ಮೊನ್ನೆ ಚಿಗುರು ಕಂಡಿತು. ಅವ್ವ ಆಗಲೇ ಸುಣ್ಣದ ಡಬ್ಬಿ ತೊಳೆದಿಟ್ಟಿದ್ದಾಳೆ.